ಚಂಡಮಾರುತ ಪಕ್ಕಕ್ಕೆ ಸರಿದಾಗ

ಅಕ್ಟೋಬರ್ ತಿಂಗಳು ಅರ್ಧ ಕಳೆದು ಈಶಾನ್ಯ ಮಾರುತ ಕಾಲಿಟ್ಟಿತೆಂದರೆ ಚೆನ್ನೈಯಲ್ಲಿ ನೆಲೆಸಿರುವ ನಮ್ಮ ಮಾತುಕತೆಗೆ ಒಂದು ಹೊಸ ಶಬ್ದಭಂಡಾರವೇ ಬಂದು ಸೇರಿಕೊಳ್ಳುತ್ತದೆ. ವಾಯುಭಾರ ಕುಸಿತ, ತೀವ್ರ ವಾಯುಭಾರ ಕುಸಿತ, ಪಶ್ಚಿಮ-ವಾಯವ್ಯಾಭಿಮುಖ ಚಲನೆ ಮೊದಲಾದ ಮಾತುಗಳನ್ನು ಊರಿನಲ್ಲಿದ್ದಾಗ ರೇಡಿಯೊ ವಾರ್ತೆಯ ಕೊನೆಯಲ್ಲಿ ಕೇಳಿ ಮರೆತುಬಿಡುತ್ತಿದ್ದೆವು. ಇಲ್ಲಿ ಅವನ್ನು ಹಾಲು ತರುವವನೂ ಬಲ್ಲ, ತರಕಾರಿ ಗಾಡಿಯವಳೂ ಬಲ್ಲಳು. ಗಾಳಿಯ ವೇಗ ಗಂಟೆಗೆ 31 ಕಿಲೋಮೀಟರ್ ಮುಟ್ಟಿದರೆ ಅದು ವಾಯುಭಾರ ಕುಸಿತ. 50 ಮುಟ್ಟಿದರೆ ತೀವ್ರ ಕುಸಿತ. 62 ಮುಟ್ಟಿದರೆ ಅದಕ್ಕೆ ಚಂಡಮಾರುತವೆಂಬ ಪದವಿಯೂ ಒಂದು ಹೆಸರೂ ದೊರೆಯುತ್ತವೆ. ಹೆಸರುಗಳನ್ನು ಸುತ್ತಲಿನ ದೇಶಗಳು ಮೊದಲೇ ಪಟ್ಟಿ ಮಾಡಿ ಕೊಟ್ಟಿರುತ್ತವೆ. ವರ್ದಾ ಪಾಕಿಸ್ತಾನ ಕೊಟ್ಟ ಹೆಸರು, ಗಜ ಶ್ರೀಲಂಕಾದ್ದು, ಮಿಚಾಂಗ್ ಮ್ಯಾನ್ಮಾರಿನದು, ಫೆಂಗಲ್ ಸೌದಿ ಅರೇಬಿಯದ್ದು. ಹೆಸರು ಬಿದ್ದೊಡನೆ ಅದು ಮನೆಮಾತಾಗುತ್ತದೆ, ಬರಬೇಕಾದ ನೆಂಟರ ರೈಲು ಎಷ್ಟು ಹೊತ್ತು ತಡವೆಂದು ವಿಚಾರಿಸುವ ಧಾಟಿಯಲ್ಲಿ "ಎಲ್ಲಿಯವರೆಗೆ ಬಂದಿದೆಯಂತೆ?" ಎಂದು ಕೇಳತೊಡಗುತ್ತೇವೆ.

ಹವಾಮಾನ ಇಲಾಖೆಯವರು ಪ್ರಕಟಿಸುವ ನಕ್ಷೆಯನ್ನು ವಾಚಕರೆಲ್ಲ ನೋಡಿಯೇ ಇರುತ್ತಾರೆ. ಬಂಗಾಳ ಕೊಲ್ಲಿಯ ನಡುವಿನಿಂದ ಹೊರಟ ಒಂದು ಗೆರೆ ಕರಾವಳಿಯ ಯಾವುದೋ ಒಂದು ಊರನ್ನು ಮುಟ್ಟುತ್ತದೆ. ಗೆರೆಯ ಎರಡೂ ಪಕ್ಕದಲ್ಲಿ, ಮುಂದೆ ಹೋದಂತೆಲ್ಲ ಅಗಲವಾಗುವ ಬೀಸಣಿಗೆಯಂತಹ ಒಂದು ಆಕೃತಿ. ಗೆರೆ ಬೆಳಿಗ್ಗೆ ಒಂದು ಕಡೆ ಇದ್ದರೆ ಸಂಜೆಗೆ ಇನ್ನೊಂದು ಕಡೆ. ಬೆಳಿಗ್ಗೆ ಕಡಲೂರಿಗೆ ನೆಟ್ಟಿದ್ದ ಮೂಗು ಮಧ್ಯಾಹ್ನ ಮಾಮಲ್ಲಪುರಕ್ಕೆ ತಿರುಗುತ್ತದೆ, ರಾತ್ರಿ ನೆಲ್ಲೂರಿನತ್ತ ಹೊರಳುತ್ತದೆ. ಮೂರು ನಾಲ್ಕು ದಿನ ಈ ನಕ್ಷೆಯೇ ನಮಗೆ ಪಂಚಾಂಗ. ಕೊನೆಗೊಮ್ಮೆ ಗೆರೆ ಖಚಿತವಾಗಿ ಉತ್ತರಕ್ಕೆ ಸರಿಯಿತೆನ್ನಿ. ಆಗ ಮೆಟ್ಟಿಲ ಬಳಿ, ಬಸ್ಸಿನಲ್ಲಿ, ಕಚೇರಿಯ ಊಟದ ಕೋಣೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಆಂಧ್ರಾ ಪಕ್ಕಂ ಪೋಯಿಡುಚ್ಚು." ಆಂಧ್ರದ ಕಡೆ ಹೋಗಿಬಿಟ್ಟಿತು. ಇದನ್ನು ತಮಿಳರೂ ಹೇಳುತ್ತಾರೆ, ಕನ್ನಡಿಗರಾದ ನಾವೂ ಹೇಳುತ್ತೇವೆ, ಇಲ್ಲಿಯೇ ಮೂರು ತಲೆಮಾರಿನಿಂದ ಇರುವ ತೆಲುಗರೂ ಯಾವ ಸಂಕೋಚವೂ ಇಲ್ಲದೆ ಹೇಳುತ್ತಾರೆ. ತಂದಿಟ್ಟ ಮೇಣದ ಬತ್ತಿಗಳು ಕಪಾಟು ಸೇರುತ್ತವೆ. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ಸರ್ಕಾರಿ ಕಡತಗಳ ನಡುವೆ ಬದುಕುವವರಿಗೆ ಈ ನಿದ್ದೆಯ ಗುಣ ಚೆನ್ನಾಗಿ ಗೊತ್ತು. ತೊಡಕಿನ ಕಡತವೊಂದು ನಮ್ಮ ಮೇಜಿನ ಮೇಲೆ ಬಹುಕಾಲ ಕೂತಿರುತ್ತದೆ. ಒಂದು ದಿನ ಅದು ನಮಗೆ ಸಂಬಂಧಿಸಿದ್ದಲ್ಲವೆಂದು ತಿಳಿದು "ಸಂಬಂಧಪಟ್ಟ ವಿಭಾಗಕ್ಕೆ ವರ್ಗಾಯಿಸಲಾಗಿದೆ" ಎಂದು ಷರಾ ಬರೆದು ಕಳುಹಿಸುತ್ತೇವೆ. ಮೇಜು ಖಾಲಿಯಾಯಿತು, ಮನಸ್ಸು ಹಗುರಾಯಿತು. ಕಡತವೇನೂ ಇತ್ಯರ್ಥವಾಗಲಿಲ್ಲ. ಗೋಡೆಯ ಆಚೆ ಇನ್ನೊಬ್ಬ ಗುಮಾಸ್ತನ ಮುಂದೆ ಅದು ಈಗ ಕೂತಿದೆ, ಅಷ್ಟೆ.

ಹೀಗಿರುವಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕಾಗುತ್ತದೆ. ಬೇರೆಯವರ ಮನೆಯ ಮೇಲೆ ಬೀಳಲಿರುವ ಗಾಳಿಯನ್ನು ಕಂಡು ನಾವು ಪಡುವ ಈ ಸಮಾಧಾನ ಎಂತಹುದು? ಅದು ದೋಷವೇ? ಅಥವಾ ಬಿಸಿಲಲ್ಲಿ ನಡೆದವನು ನೆರಳಿಗೆ ಬಂದಾಗ ಪಡುವ ಸುಖದಂತೆ ಯಾರೂ ಲೆಕ್ಕ ಕೇಳಬಾರದ ಸಹಜ ಭಾವವೇ?

ವಿಜ್ಞಾನ ಓದಿದವರು ಈ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ಚಂಡಮಾರುತ ನಮ್ಮ ಬಯಕೆಯನ್ನು ಕೇಳಿ ನಡೆಯುವುದಿಲ್ಲ. ಬೆಚ್ಚಗಿನ ಕಡಲಿನಿಂದ ಏರಿದ ನೀರಾವಿಯೇ ಅದರ ಆಹಾರ. ಮೇಲಿನ ಸ್ತರಗಳಲ್ಲಿ ಬೀಸುವ ಗಾಳಿಯೇ ಅದರ ಸಾರಥಿ. ಉತ್ತರದಲ್ಲಿ ಅಧಿಕ ಒತ್ತಡದ ವಲಯ ಬಲವಾಗಿ ಹರಡಿ ಕೂತಿದ್ದರೆ ಅದು ಪಶ್ಚಿಮಕ್ಕೆ, ಅಂದರೆ ನಮ್ಮ ಕಡೆಗೆ ತಳ್ಳಲ್ಪಡುತ್ತದೆ. ಆ ವಲಯ ಸಡಿಲವಾಗಿ ಪಶ್ಚಿಮದ ಗಾಳಿಗೆ ದಾರಿ ಬಿಟ್ಟರೆ ಉತ್ತರಕ್ಕೆ, ಮುಂದೆ ಈಶಾನ್ಯಕ್ಕೆ ತಿರುಗಿಕೊಳ್ಳುತ್ತದೆ. ಎರಡೂ ಬಲಗಳು ಸಮಸಮವಾಗಿದ್ದರೆ ಎತ್ತ ಹೋಗಬೇಕೆಂದು ತಿಳಿಯದ ಎತ್ತಿನಂತೆ ನಡುಗಡಲಲ್ಲಿ ನಿಂತೇಬಿಡುತ್ತದೆ. ಈ ವ್ಯವಹಾರದಲ್ಲಿ ಮೈಲಾಪುರದ ಪೂಜೆಗಾಗಲಿ ಮಾಂಬಲದ ಹರಕೆಗಾಗಲಿ ಪ್ರವೇಶವಿಲ್ಲ. ನಾವು ಬಯಸಿದ್ದರಿಂದ ಅದು ಬಾಪಟ್ಲಕ್ಕೆ ಹೋಗಲಿಲ್ಲ. ಆದುದರಿಂದ ನಮ್ಮ ಮೇಲೆ ಯಾವ ಹೊಣೆಯೂ ಇಲ್ಲ.

ತರ್ಕ ಸರಿಯಾಗಿಯೇ ಇದೆ. ಆದರೂ ಪೂರ್ತಿ ತೃಪ್ತಿಯಾಗುವುದಿಲ್ಲ. ಏಕೆಂದರೆ ಪ್ರಶ್ನೆ ಇದ್ದುದು ಗಾಳಿಯ ಮೇಲೆ ನಮ್ಮ ಬಯಕೆಯ ಪರಿಣಾಮವೇನು ಎಂದಲ್ಲ, ನಮ್ಮ ಮೇಲೆ ಅದರ ಪರಿಣಾಮವೇನು ಎಂದು.

ಇಲ್ಲಿ ಒಂದು ಐತಿಹಾಸಿಕ ಸಂಗತಿಯನ್ನು ನೆನೆಯಬೇಕು. ಈ ಬಗೆಯ ಸಮಾಧಾನ ನಮ್ಮ ಅಜ್ಜಂದಿರಿಗೆ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. 1864ರ ಅಕ್ಟೋಬರಿನಲ್ಲಿ ಕಲಕತ್ತೆಯನ್ನು ಬಡಿದ ಚಂಡಮಾರುತ ಹತ್ತಾರು ಸಾವಿರ ಜನರನ್ನು ಬಲಿ ತೆಗೆದುಕೊಂಡ ಮೇಲೆಯೇ, ಮರುವರ್ಷ, ಆ ಬಂದರಿನಲ್ಲಿ ಮುನ್ನೆಚ್ಚರಿಕೆ ಕೊಡುವ ಏರ್ಪಾಡು ಆರಂಭವಾಯಿತು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಅಂದಹಾಗೆ ಇಂಗ್ಲಿಷಿನ 'ಸೈಕ್ಲೋನ್' ಎಂಬ ಶಬ್ದವನ್ನು ಟಂಕಿಸಿದ್ದು ಕೂಡ ಕಲಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬಾತ. ನಮ್ಮ ಕೊಲ್ಲಿ ಜಗತ್ತಿಗೆ ಕೊಟ್ಟ ಕಾಣಿಕೆಗಳಲ್ಲಿ ಅದೂ ಒಂದು. ಏರ್ಪಾಡು ಬಂದ ಮೇಲೂ ಬಹುಕಾಲ ಎಚ್ಚರಿಕೆ ಎಂಬುದು ಬಂದರಿನ ಕಂಬಕ್ಕೆ ಏರಿಸಿದ ಸಂಕೇತಕ್ಕೆ ಸೀಮಿತವಾಗಿತ್ತು. 1964ರ ಡಿಸೆಂಬರ್ 22ರ ರಾತ್ರಿ ಪಾಂಬನ್‌ನಿಂದ ಧನುಷ್ಕೋಟಿಗೆ ಹೊರಟ ರೈಲಿನಲ್ಲಿದ್ದವರಿಗೆ ತಮ್ಮೆದುರಿಗೆ ಏನು ಬರುತ್ತಿದೆಯೆಂದು ತಿಳಿದಿರಲಿಲ್ಲ; ಆ ರೈಲೂ ಊರೂ ಎರಡೂ ಉಳಿಯಲಿಲ್ಲ. 1977ರ ನವೆಂಬರ್ 19ರಂದು ಕೃಷ್ಣಾ ನದಿಯ ಮುಖದ ದಿವಿಸೀಮೆಯಲ್ಲಿ ಕಡಲು ಎದ್ದು ಬಂದು ಹತ್ತು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಅಂದು ನೆಲ್ಲೂರಿನಲ್ಲೋ ಮದರಾಸಿನಲ್ಲೋ ಇದ್ದವನು ಸುದ್ದಿ ಓದಿದ್ದು ಎಲ್ಲ ಮುಗಿದ ಮೇಲೆ. "ಅಯ್ಯೋ ಪಾಪ" ಎಂಬ ಮಾತು "ಸದ್ಯ ನಾವು ಬದುಕಿದೆವು" ಎಂಬ ಮಾತಿಗಿಂತ ಮೊದಲು ಅವನ ಬಾಯಿಂದ ಬಂದಿರಬೇಕು.

ನಮ್ಮ ಸ್ಥಿತಿ ಬೇರೆ. ಉಪಗ್ರಹ, ರಡಾರ್, ಗಣಕಯಂತ್ರ ಇವೆಲ್ಲ ಸೇರಿ ನಮಗೆ ಮೂರು ದಿನ ಮೊದಲೇ ಹೇಳುತ್ತವೆ: ನಿಮಗಲ್ಲ, ಅವರಿಗೆ. ಅವರು ಯಾರು ಎಂಬುದನ್ನೂ ಹೇಳುತ್ತವೆ. ಊರಿನ ಹೆಸರು, ದಿನ, ಗಂಟೆ, ಗಾಳಿಯ ವೇಗ ಎಲ್ಲ ಅದರಲ್ಲಿ ಇರುತ್ತದೆ. ಹಿಂದಿನವರ ನೆಮ್ಮದಿಗೆ ಅಜ್ಞಾನದ ಮರೆ ಇತ್ತು. ನಮ್ಮ ನೆಮ್ಮದಿ ಬರುವಾಗಲೇ ಇನ್ನೊಬ್ಬರ ವಿಳಾಸವನ್ನು ಬೆನ್ನಿಗೆ ಅಂಟಿಸಿಕೊಂಡು ಬರುತ್ತದೆ. ಅನಾಹುತ ನಡೆಯುವ ಮೊದಲೇ ಅದಕ್ಕೆ ಗುರಿಯಾಗುವವರನ್ನು ತಿಳಿದಿರುವ ಇಂತಹ ಸ್ಥಿತಿ ಮನುಷ್ಯನಿಗೆ ಹೊಸದು. ಇದಕ್ಕೆ ತಕ್ಕ ಮನೋಧರ್ಮ ನಮಗಿನ್ನೂ ರೂಢಿಯಾಗಿಲ್ಲ.

ರೂಢಿಯಾಗಿಲ್ಲವೆಂದರೂ ಪುರಾಣದಲ್ಲಿ ಇದರ ನೆರಳು ಇದೆ. ಏಕಚಕ್ರನಗರದ ಬಕಾಸುರನ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಆ ಊರಿನವರು ರಾಕ್ಷಸನೊಡನೆ ಒಪ್ಪಂದ ಮಾಡಿಕೊಂಡಿದ್ದರು. ಸರದಿಯ ಪ್ರಕಾರ ಒಂದೊಂದು ಮನೆಯಿಂದ ಒಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ. ಕಥೆ ಕೇಳುವಾಗ ನಮ್ಮ ಕಣ್ಣೆಲ್ಲ ಭೀಮನ ಮೇಲೆ, ಅವನು ಬಂಡಿಯ ಅನ್ನವನ್ನು ಒಬ್ಬನೇ ಉಣ್ಣುವ ಸೊಗಸಿನ ಮೇಲೆ. ಆದರೆ ಆ ರಾತ್ರಿ ಆ ಊರಿನ ಉಳಿದ ಮನೆಗಳಲ್ಲಿ ಏನು ನಡೆದಿರಬಹುದು? ಊಟವಾಗಿರುತ್ತದೆ, ದೀಪ ಆರಿಸಿರುತ್ತಾರೆ, ಈ ದಿನ ನಮ್ಮ ಮನೆಯ ಸರದಿಯಲ್ಲ ಎಂದು ಮಕ್ಕಳನ್ನು ತಬ್ಬಿಕೊಂಡು ಮಲಗಿರುತ್ತಾರೆ. ಅವರು ಕೆಟ್ಟವರೆಂದು ಹೇಳಲಾದೀತೆ? ಇಲ್ಲ. ರಾಕ್ಷಸನನ್ನು ಕರೆದು ತಂದವರು ಅವರಲ್ಲ, ಆ ಬಡವನ ಮನೆಗೆ ಸರದಿ ಬರಲೆಂದು ಹಾರೈಸಿದವರೂ ಅಲ್ಲ. ಆದರೆ ಸರದಿ ಎಂಬ ಏರ್ಪಾಡಿಗೆ ಒಂದು ವಿಷವಿದೆ. ಪ್ರತಿ ರಾತ್ರಿಯೂ ಒಂದು ಮನೆಯನ್ನು ಬಿಟ್ಟು ಉಳಿದ ಊರಿಗೆಲ್ಲ ನೆಮ್ಮದಿಯಿರುವುದರಿಂದ ರಾಕ್ಷಸನ ವಿಷಯವನ್ನು ಊರಾಗಿ ಕುಳಿತು ಮಾತನಾಡಲು ಯಾರಿಗೂ ತುರ್ತು ಕಾಣುವುದಿಲ್ಲ. ಕುಂತಿಗೆ ಮಾತ್ರ ಕಂಡಿತು. ಅವಳು ಆ ಊರಿನವಳಲ್ಲ, ಅವಳ ಹೆಸರು ಸರದಿಯ ಪಟ್ಟಿಯಲ್ಲಿ ಇರಲೂ ಇಲ್ಲ. ಗೋಡೆಯಾಚೆ ಅಳುವ ದನಿ ಕೇಳಿ ಎದ್ದು ಹೋಗಿ, ಏಕೆ ಅಳುತ್ತೀರಿ ಎಂದು ಕೇಳಿದಳು. ಭೀಮನನ್ನು ಕಳುಹಿಸಿದ್ದು ಆಮೇಲಿನ ಮಾತು.

ಬಂಗಾಳ ಕೊಲ್ಲಿಯ ಕರಾವಳಿಯೂ ಒಂದು ಏಕಚಕ್ರನಗರವೇ. 1999ರಲ್ಲಿ ಒಡಿಶಾ, 2016ರಲ್ಲಿ ಚೆನ್ನೈ, 2018ರಲ್ಲಿ ನಾಗಪಟ್ಟಣ ಮತ್ತು ವೇದಾರಣ್ಯ, 2019ರಲ್ಲಿ ಮತ್ತೆ ಒಡಿಶಾ. ಸರದಿಯ ಕ್ರಮ ಮಾತ್ರ ಯಾರಿಗೂ ಗೊತ್ತಿಲ್ಲ.

ಸಮಾಧಾನವೂ ಹಾರೈಕೆಯೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕು. ನಮ್ಮ ಮಗುವಿಗೆ ಹಾವು ಕಚ್ಚಲಿಲ್ಲವೆಂದು ನಿಟ್ಟುಸಿರು ಬಿಡುವುದು ಬೇರೆ, ಪಕ್ಕದ ಮನೆಯ ಮಗುವಿಗೆ ಕಚ್ಚಲಿ ಎನ್ನುವುದು ಬೇರೆ. ಇವೆರಡರ ನಡುವಿನ ಗೆರೆ ಸ್ಪಷ್ಟವಾಗಿದೆಯೆಂದು ತೋರುತ್ತದೆ. ಆದರೆ ನಕ್ಷೆಯ ಮುಂದೆ ಕೂತಾಗ ಅದು ಅಷ್ಟು ಸ್ಪಷ್ಟವಾಗಿ ಉಳಿಯುವುದಿಲ್ಲ. ಗೆರೆ ಇನ್ನೂ ಸ್ವಲ್ಪ ಮೇಲಕ್ಕೆ ಹೋಗಲಿ, ಇನ್ನು ಐವತ್ತು ಕಿಲೋಮೀಟರ್ ಸಾಕು, ಎಂದು ಮನಸ್ಸಿನಲ್ಲೇ ತಳ್ಳುವಾಗ ಆ ಐವತ್ತು ಕಿಲೋಮೀಟರಿನ ಆಚೆ ಇರುವ ಪಳವೇರ್ಕಾಡು, ಸೂಳ್ಳೂರುಪೇಟೆಗಳ ಮನೆಗಳು ನಕ್ಷೆಯಲ್ಲಿ ಕಾಣುವುದಿಲ್ಲವಷ್ಟೆ. ನಮ್ಮನ್ನು ಪರೀಕ್ಷಿಸಿಕೊಳ್ಳಲು ಒಂದು ಉಪಾಯ ತೋರುತ್ತದೆ. ಅದು ಆಂಧ್ರಕ್ಕೆ ಹೋಯಿತು ಎಂದಾಗ ಎಷ್ಟು ಸಂತೋಷವಾಯಿತೋ, ಕಡಲಿನಲ್ಲೇ ಕರಗಿಹೋಯಿತು ಎಂದಿದ್ದರೂ ಅಷ್ಟೇ ಸಂತೋಷವಾಗುತ್ತಿತ್ತೆ? ಆಗುತ್ತಿತ್ತು ಎಂದಾದರೆ ನಮ್ಮ ಸಂತೋಷಕ್ಕೆ ಆಂಧ್ರದವರ ಕಷ್ಟ ಬೇಕಾಗಿರಲಿಲ್ಲ ಎಂದಾಯಿತು. ಅಷ್ಟರ ಮಟ್ಟಿಗೆ ಅದು ನಿರ್ದೋಷ.

ಚೆನ್ನೈನವರು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಸುಲಭವಲ್ಲ. ಏಕೆಂದರೆ ಅದು ಕಡಲಿನಲ್ಲೇ ಕರಗುವುದೂ ನಮಗೆ ಬೇಡ! ಈ ಊರಿನ ಕುಡಿಯುವ ನೀರಿನ ಬಹುಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬೀಳುವ ಮಳೆಯನ್ನೇ ನೆಚ್ಚಿದೆ, ಆ ಮಳೆ ಬರುವುದು ಇಂತಹ ವಾಯುಭಾರ ಕುಸಿತಗಳ ಹೆಗಲೇರಿ. 2019ರ ಏಪ್ರಿಲ್ ಕೊನೆಯಲ್ಲಿ ಫನಿ ಚಂಡಮಾರುತ ಮೊದಲು ತಮಿಳುನಾಡಿನ ಉತ್ತರ ಕರಾವಳಿಯತ್ತ ಮುಖ ಮಾಡಿದಾಗ ಇಲ್ಲಿ ಭಯಪಟ್ಟವರಿಗಿಂತ ಆಸೆಪಟ್ಟವರೇ ಹೆಚ್ಚು. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಕೆರೆಗಳು ಒಣಗುತ್ತಿದ್ದವು. ಒಂದು ಗಾಳಿಯಾದರೂ ಬರಲಿ, ಮರ ಉರುಳಿದರೆ ಉರುಳಲಿ ಎಂಬ ಮಾತು ಕೇಳಿಬಂತು. ಫನಿ ತಿರುಗಿಕೊಂಡು ಹೋಯಿತು. ಮೇ 3ರಂದು ಪುರಿಯ ಬಳಿ ದಡ ಸೇರಿತು. ಇಲ್ಲಿ ಬಿಸಿಲು ಏರಿತು, ಜೂನ್ ಹೊತ್ತಿಗೆ ನಾಲ್ಕೂ ಕೆರೆಗಳು ಬಹುಪಾಲು ಬರಿದಾದವು, ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂತು. ಅದು ಮೇಟ್ಟೂರಿನ ಕಡೆಯಿಂದ ಬಂದ ಕಾವೇರಿಯ ನೀರು. ಕೊಡಗಿನಲ್ಲಿ ಹುಟ್ಟಿದ ಹೊಳೆ ರೈಲು ಹತ್ತಿ ನಮ್ಮನ್ನು ಹಿಂಬಾಲಿಸಿಕೊಂಡು ಬಂದಿತೆಂದು ನಮ್ಮವರೊಬ್ಬರು ಹಾಸ್ಯ ಮಾಡಿದರು. ಅದೇ ಗಾಳಿಯ ಬಗ್ಗೆ ಪುರಿಯವನು ಬೇಡ ಬೇಡವೆಂದು ಕೈಮುಗಿಯುತ್ತಿದ್ದಾಗ ಚೆನ್ನೈನವನು ಬಾ ಬಾ ಎನ್ನುತ್ತಿದ್ದ. ಇಬ್ಬರ ಮೊರೆಯನ್ನೂ ಕೇಳುವ ದೇವರಿಗೆ ಎಂತಹ ಪೇಚು!

ಇನ್ನು ಆ ಗೆರೆಯ ವಿಚಾರ. ನಮ್ಮ ಸ್ವಾರ್ಥವಾದರೂ ಸರಿಯಾದ ಲೆಕ್ಕದ ಮೇಲೆ ನಿಂತಿದೆಯೇ ಎಂದರೆ ಅದೂ ಇಲ್ಲ. ಬೀಸಣಿಗೆಯ ಆಕೃತಿಯನ್ನು ಎಷ್ಟೋ ಮಂದಿ ಗಾಳಿಯ ಗಾತ್ರವೆಂದು ತಿಳಿಯುತ್ತಾರೆ. ಅದು ಗಾತ್ರವಲ್ಲ, ಗಾಳಿಯ ನಡುಬಿಂದು ಎಲ್ಲೆಲ್ಲಿ ಇರಬಹುದು ಎಂಬ ಅನಿಶ್ಚಯದ ಅಳತೆ. ಇಷ್ಟೆಲ್ಲ ಸಲಕರಣೆ ಇದ್ದೂ ಒಂದು ದಿನ ಮೊದಲು ಹೇಳಿದ ಸ್ಥಾನಕ್ಕೂ ನಿಜವಾದ ಸ್ಥಾನಕ್ಕೂ ಸರಾಸರಿ ಎಪ್ಪತ್ತು ಎಂಬತ್ತು ಕಿಲೋಮೀಟರುಗಳ ಅಂತರ ಉಳಿಯುತ್ತದೆ. ಸರಾಸರಿ ಎಂದರೆ ಕೆಲವೊಮ್ಮೆ ಹೆಚ್ಚು ಕೂಡ. 2016ರ ವರ್ದಾ ಮೊದಲು ನೆಲ್ಲೂರು ಕಾಕಿನಾಡಗಳ ನಡುವೆ ದಾಟಬಹುದೆಂದು ಹೇಳಿದ್ದರು. ಡಿಸೆಂಬರ್ 12ರಂದು ಅದು ನೇರ ಚೆನ್ನೈಯ ಮೇಲೆ ಬಂದು ಸಾವಿರಾರು ಮರಗಳನ್ನು ಬೇರುಸಹಿತ ಕಿತ್ತು ಬೀದಿಗೆ ಅಡ್ಡ ಹಾಕಿತು. 2023ರ ಮಿಚಾಂಗ್ ಮುನ್ಸೂಚನೆಯಲ್ಲಿದ್ದಂತೆ ಆಂಧ್ರಕ್ಕೇ ಹೋಯಿತು, ಡಿಸೆಂಬರ್ 5ರಂದು ಬಾಪಟ್ಲದ ಬಳಿ ದಡ ಮುಟ್ಟಿತು. ಆದರೆ ಹೋಗುವ ದಾರಿಯಲ್ಲಿ ನಮ್ಮೆದುರಿನ ಕಡಲಿನಲ್ಲಿ ನಿಧಾನವಾಗಿ ತೆವಳುತ್ತ ಎರಡು ದಿನಗಳಲ್ಲಿ ನಗರದ ಹಲವೆಡೆ 40 ಸೆಂಟಿಮೀಟರಿಗೂ ಮಿಕ್ಕಿ ಮಳೆ ಸುರಿಸಿತು. ವೇಳಚ್ಚೇರಿ, ಪಳ್ಳಿಕರಣೆ, ಮುಡಿಚ್ಚೂರು ಮುಳುಗಿದವು. ಮುನ್ನೂರು ಕಿಲೋಮೀಟರ್ ಆಚೆ ದಡ ಸೇರಿದ ಚಂಡಮಾರುತ ಇಲ್ಲಿ ಜನರನ್ನು ದೋಣಿ ಹತ್ತಿಸಿತ್ತು. 2015ರ ಡಿಸೆಂಬರಿನ ಮಹಾಪೂರಕ್ಕಂತೂ ಹೆಸರೇ ಇರಲಿಲ್ಲ. ಅದು ಚಂಡಮಾರುತವಾಗುವ ಅರ್ಹತೆ ಪಡೆಯದ ಬರಿಯ ವಾಯುಭಾರ ಕುಸಿತದ ಮಳೆ.

2024ರ ಫೆಂಗಲ್ ಕಥೆ ಇನ್ನೂ ವಿಚಿತ್ರ. ಚಂಡಮಾರುತವಾಗುತ್ತದೆ ಎಂದರು, ಆಗಲಿಲ್ಲ. ಆಗುವುದಿಲ್ಲ ಎಂದರು, ನವೆಂಬರ್ 29ರಂದು ಆಯಿತು. ಈ ಹಗ್ಗಜಗ್ಗಾಟವನ್ನು ಇಲ್ಲಿ ಜನ ಕ್ರಿಕೆಟ್ ಆಟದಂತೆ ನೋಡಿ ನಗೆಯಾಡಿದರು. ನವೆಂಬರ್ 30ರ ರಾತ್ರಿ ಅದು ಪುದುಚ್ಚೇರಿಯ ಬಳಿ ದಡ ಹತ್ತಿ ಅಲ್ಲೇ ಗಂಟೆಗಟ್ಟಲೆ ನಿಂತುಬಿಟ್ಟಿತು. ವಿಲ್ಲುಪುರಂ ಜಿಲ್ಲೆಯ ಮೈಲಂ ಎಂಬಲ್ಲಿ ಒಂದೇ ದಿನ ಸುಮಾರು 50 ಸೆಂಟಿಮೀಟರ್ ಮಳೆ. ಮರುದಿನ, ಕಡಲಿನಿಂದ ಅಷ್ಟು ದೂರದ ತಿರುವಣ್ಣಾಮಲೆಯಲ್ಲಿ ಬೆಟ್ಟ ಕುಸಿದು ಮನೆಯೊಳಗಿದ್ದ ಏಳು ಜನ ಮಣ್ಣಿನಡಿ ಹೋದರು. ಕರಾವಳಿಯ ನಕ್ಷೆಯನ್ನು ನೋಡುವ ಅಭ್ಯಾಸವೇ ಇಲ್ಲದ ಊರು ಅದು. ಅದರ ಬಾಲ ಕರ್ನಾಟಕವನ್ನೂ ಹೊಕ್ಕಿತು. ಚೆನ್ನೈಯಲ್ಲಿ ಬಿಸಿಲು ಮೂಡಿತ್ತು. ಬೆಂಗಳೂರಿನಿಂದ ಫೋನು ಮಾಡಿದ ನಂಟರು "ಅಲ್ಲಿ ತೂಫಾನಂತೆ, ಹೇಗಿದ್ದೀರಿ?" ಎಂದು ಕೇಳುವಾಗ ಕೊಡೆ ಹಿಡಿದಿದ್ದವರು ಅವರು.

ಮುನ್ಸೂಚನೆ ಹೀಗೆ ಹೊಯ್ದಾಡುವುದನ್ನು ಕಂಡು ಇಲಾಖೆಯವರನ್ನು ಹಂಗಿಸುವುದು ನಮ್ಮಲ್ಲಿ ಒಂದು ಚಟವಾಗಿದೆ. 2024ರ ಅಕ್ಟೋಬರ್ ಮಧ್ಯದಲ್ಲಿ ಚೆನ್ನೈಗೆ ಅತಿ ಭಾರಿ ಮಳೆಯ ಕೆಂಪು ಎಚ್ಚರಿಕೆ ಕೊಟ್ಟಿದ್ದರು. ಹಿಂದಿನ ವರ್ಷದ ಪಾಠ ನೆನಪಿದ್ದ ವೇಳಚ್ಚೇರಿಯ ನಿವಾಸಿಗಳು ತಮ್ಮ ಕಾರುಗಳನ್ನು ತಂದು ಮೇಲುಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿದರು. 16ರಂದು ಹೇಳಿದಷ್ಟು ಮಳೆ ಬರಲಿಲ್ಲ, ಕುಸಿತ ಉತ್ತರಕ್ಕೆ ಸರಿಯಿತು. ಎಷ್ಟು ನಗೆ, ಎಷ್ಟು ಕೊಂಕು! ನಾಟಕಕ್ಕೆ ಟಿಕೆಟು ಕೊಂಡು ಹೋಗಿ ಪರದೆಯೇ ಏಳದಿದ್ದರೆ ಬರುವ ಸಿಟ್ಟು ಅದು. ಮಳೆ ಬಾರದಿದ್ದುದಕ್ಕೆ ಸಿಟ್ಟಾಗುವವನ ಒಳಗೆ ತನಗೇನೂ ಆಗುವುದಿಲ್ಲವೆಂಬ ಧೈರ್ಯ ಮೊದಲೇ ಕೂತಿರುತ್ತದೆ. ಹತ್ತಕ್ಕೆ ಆರು ಪಾಲು ಸಂಭವವೆಂದು ಹೇಳಿದ್ದು ನಡೆಯದೆ ಹೋದರೆ ಹೇಳಿದ್ದು ಸುಳ್ಳೆಂದಾಗುವುದಿಲ್ಲ. ಉಳಿದ ನಾಲ್ಕು ಪಾಲು ಎಲ್ಲಿಯೋ ನಡೆಯಲೇಬೇಕಲ್ಲ. ಇಷ್ಟು ಗಣಿತ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಮೊಣಕಾಲು ನೀರಿನಲ್ಲಿ ನಿಂತಾಗ ಮರೆಯುತ್ತದೆ, ನೀರು ಬಾರದಿದ್ದಾಗ ಇನ್ನೂ ಬೇಗ ಮರೆಯುತ್ತದೆ.

ಮುನ್ಸೂಚನೆಯ ತಪ್ಪಿಗೆ ಬೆಲೆ ತೆರುವವರು ಬೇರೆಯೇ ಇದ್ದಾರೆ. ಸಂಬಳದವರಾದ ನಮಗೆ ಸುಳ್ಳಾದ ಎಚ್ಚರಿಕೆಯೆಂದರೆ ಒಂದು ದಿನದ ರಜ, ಮಕ್ಕಳಿಗೆ ಶಾಲೆಯಿಲ್ಲ, ಮನೆಯಲ್ಲಿ ಬಜ್ಜಿ. ಕಾಸಿಮೇಡಿನ ಮೀನುಗಾರನಿಗೆ ಅದು ಗಳಿಕೆಯಿಲ್ಲದ ದಿನ. ಕಡಲಿಗೆ ಇಳಿಯಬೇಡಿ ಎಂಬ ಆಜ್ಞೆ ಒಂದು ವಾರ ಇದ್ದು ಕಡೆಗೆ ಗಾಳಿ ಬಾರದೆ ಹೋದರೆ ಆ ವಾರದ ಗಂಜಿಯನ್ನು ಯಾರೂ ತುಂಬಿಕೊಡುವುದಿಲ್ಲ. ಹೀಗೆ ನಾಲ್ಕು ಬಾರಿಯಾದ ಮೇಲೆ ಐದನೆಯ ಬಾರಿ ಅವನು ಮಾತು ಕೇಳದೆ ದೋಣಿ ತಳ್ಳಿದರೆ ಅವನನ್ನು ಹಠಮಾರಿ ಎನ್ನಲು ನಾವು ಯಾರು? ಎಚ್ಚರಿಕೆ ತಡವಾದರೂ ಬೆಲೆ ತೆರುವವನು ಅವನೇ. 2017ರ ನವೆಂಬರ್ ಕೊನೆಯಲ್ಲಿ ಓಖಿ ಕನ್ಯಾಕುಮಾರಿಯ ಬಳಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬಲಿಯಿತು. ಚಂಡಮಾರುತವೆಂಬ ಘೋಷಣೆ ಹೊರಟಾಗ ದೂರದ ಕಡಲಿಗೆ ಹೋಗಿದ್ದವರಿಗೆ ಅದನ್ನು ಮುಟ್ಟಿಸುವ ದಾರಿಯೇ ಇರಲಿಲ್ಲ. ತಮಿಳುನಾಡು ಕೇರಳಗಳ ನೂರಾರು ಮೀನುಗಾರರು ಮರಳಲಿಲ್ಲ. ನಕ್ಷೆಯನ್ನು ಕುತೂಹಲಕ್ಕೆ ನೋಡುವವರೂ ಹೊಟ್ಟೆಪಾಡಿಗೆ ನೋಡುವವರೂ ಒಂದೇ ನಕ್ಷೆಯನ್ನು ನೋಡುತ್ತಾರೆ. ಅಷ್ಟೇ ಅವರ ನಡುವಿನ ಸಮಾನತೆ.

ನಮ್ಮ ಸಮಾಧಾನದ ಪ್ರಶ್ನೆಗೆ ಉತ್ತರವೇನಾದರೂ ಇದ್ದರೆ ಅದನ್ನು ಒಡಿಶಾದಲ್ಲಿ ಹುಡುಕಬೇಕೆಂದು ನಮ್ಮ ಅಭಿಪ್ರಾಯ. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಅನಂತರ ಆ ರಾಜ್ಯ ಕರಾವಳಿಯ ಉದ್ದಕ್ಕೂ ಕಂಬಗಳ ಮೇಲೆ ನಿಂತ ಗಟ್ಟಿ ಆಶ್ರಯ ಕಟ್ಟಡಗಳನ್ನು ಕಟ್ಟಿಸಿತು, ಊರೂರಿನಲ್ಲಿ ಯುವಕರನ್ನು ತರಬೇತು ಮಾಡಿತು. 2013ರಲ್ಲಿ ಫೈಲಿನ್ ಬಂದಾಗ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಿದರು, 2019ರಲ್ಲಿ ಫನಿ ಬಂದಾಗ ಸುಮಾರು 12 ಲಕ್ಷ ಜನರನ್ನು. ಫನಿ ಬಲದಲ್ಲಿ ಸಣ್ಣದೇನೂ ಆಗಿರಲಿಲ್ಲ. ಮನೆ, ಮರ, ವಿದ್ಯುತ್ ಕಂಬ ಎಲ್ಲ ನೆಲ ಕಂಡವು. ಸತ್ತವರು ಒಡಿಶಾದಲ್ಲಿ 64. ಅರವತ್ತನಾಲ್ಕೂ ಮನೆಗಳ ದುಃಖವೇ, ಸಂದೇಹವಿಲ್ಲ. ಆದರೂ ಸಾವಿರಗಳ ಲೆಕ್ಕ ಹತ್ತುಗಳಿಗೆ ಇಳಿದಿತ್ತು.

ಗೆರೆ ನಮ್ಮಿಂದ ಸರಿದಾಗ ಮೂಡುವ ನಿಟ್ಟುಸಿರಿನ ಮೇಲೆ ನಮಗೆ ಹಿಡಿತವಿಲ್ಲ; ಅದು ಉಸಿರು, ಬರುತ್ತದೆ. ಆದರೆ ಆ ನಿಟ್ಟುಸಿರಿನ ಭಾರ ಎಷ್ಟೆಂಬುದನ್ನು ನಿರ್ಧರಿಸುವುದು ಗೆರೆ ಮುಟ್ಟಲಿರುವ ಊರಿನ ಸ್ಥಿತಿ. ಅಲ್ಲಿ ಒಂದು ಗಟ್ಟಿ ಕಟ್ಟಡವಿದ್ದು, ರಾತ್ರಿಯೇ ಮುದುಕರನ್ನೂ ಬಸುರಿಯರನ್ನೂ ಅಲ್ಲಿಗೆ ಸಾಗಿಸಿದ್ದರೆ, ಸದ್ಯ ನಮಗಲ್ಲ ಎಂಬ ನಮ್ಮ ಮಾತು ಒಂದು ತೂಕ. ಅಲ್ಲಿ ಗರಿಯ ಮಾಡು, ಮಣ್ಣಿನ ಗೋಡೆ, ಹೇಳುವವರಿಲ್ಲ ಕೇಳುವವರಿಲ್ಲ ಎಂದಾದರೆ ಅದೇ ಮಾತು ಇನ್ನೊಂದು ತೂಕ. ಮನಸ್ಸನ್ನು ತೊಳೆದುಕೊಳ್ಳುವುದರಿಂದ ಈ ತೂಕ ಬದಲಾಗುವುದಿಲ್ಲ. ಇಟ್ಟಿಗೆ, ಸಿಮೆಂಟು, ಬಸ್ಸುಗಳಿಂದ ಬದಲಾಗುತ್ತದೆ. ಅವುಗಳ ಖರ್ಚಿನಲ್ಲಿ ಗೆರೆ ಮುಟ್ಟದ ಊರಿನವರ ತೆರಿಗೆಯೂ ಸೇರಿರುತ್ತದೆ. ಆಂಧ್ರದ ನೆರೆ ಪರಿಹಾರ ಆಂಧ್ರದವರ ಪಾಡು, ಒಡಿಶಾದ್ದು ಅವರದು ಎಂದು ಪತ್ರಿಕೆಯ ಪುಟ ಮಗುಚುವವರು ಆ ಆಶ್ರಯ ಕಟ್ಟಡಗಳನ್ನು ಒಂದು ಸಲ ನೆನೆಯುವುದು ಒಳ್ಳೆಯದು. ಹೊರನಾಡಿನಲ್ಲಿರುವ ನಮಗೆ ಇದು ಉಳಿದವರಿಗಿಂತ ಬೇಗ ಅರ್ಥವಾಗಬೇಕು. ಯಾವ ಊರೂ ಪೂರ್ತಿ ನಮ್ಮದಲ್ಲದವರಿಗೆ ಯಾವ ಊರನ್ನೂ ಪೂರ್ತಿ 'ಅವರದು' ಎಂದು ಬಿಡಲು ಆಗುವುದಿಲ್ಲ.

ಮಿಚಾಂಗ್ ಕಳೆದ ವಾರ ನಮಗೆ ಪರಿಚಿತರಾದ ಹಿರಿಯರೊಬ್ಬರು ಹೇಳಿದ ಮಾತು ನೆನಪಾಗುತ್ತದೆ. ಅವರ ಬೀದಿಯಲ್ಲಿ ಮೂರು ದಿನ ವಿದ್ಯುತ್ ಇರಲಿಲ್ಲ, ಕೆಳಗಿನ ಮನೆಗಳಿಗೆಲ್ಲ ನೀರು ನುಗ್ಗಿತ್ತು. ಫೋನು ಜೀವ ಪಡೆದ ದಿನ ಅವರು ಬಾಪಟ್ಲದ ಹತ್ತಿರದ ಹಳ್ಳಿಯಲ್ಲಿರುವ ತಮ್ಮ ಬೀಗರನ್ನು ವಿಚಾರಿಸಿದರಂತೆ. ಕೊಯ್ಲಿಗೆ ಬಂದ ಭತ್ತವೆಲ್ಲ ನೆಲಕ್ಕೆ ಮಲಗಿತ್ತು. ಬೀಗಿತ್ತಿ ಹೇಳಿದರಂತೆ: "ಟಿ.ವಿ.ಯಲ್ಲಿ ಮದರಾಸು ಮುಳುಗಿದ್ದನ್ನು ನೋಡುತ್ತಿದ್ದೆವು ಅಣ್ಣಯ್ಯ. ಅದರ ಕೋಪವೆಲ್ಲ ಅಲ್ಲೇ ತೀರಿತು, ಇನ್ನು ನಮಗೇನೂ ಇಲ್ಲ ಎಂದುಕೊಂಡಿದ್ದೆವು." ಅಷ್ಟು ಹೇಳಿ, ನಿಮ್ಮಲ್ಲಿ ಕರೆಂಟು ಬಂತೆ, ಕುಡಿಯುವ ನೀರಿಗೆ ಏನು ಮಾಡುತ್ತಿದ್ದೀರಿ ಎಂದು ಕೇಳಿದರಂತೆ.